ಪಾಲಿಶಿಂಗ್ ಪ್ಯಾಡಿಗೆ ಗಾಳಿ ಹೊಡೆಯಲು ಸಣ್ಣ ಕಂಪ್ರೆಸರ್: ಕುಂಬಳೆಯ ಶೆಡ್ಡಿನಿಂದ ದೀರ್ಘ ಬಳಕೆಯ ವಿಮರ್ಶೆ

ಕಾರು ಪಾಲಿಶ್ ಕೆಲಸಕ್ಕೆ ಇಳಿಯುವವರು ದುಬಾರಿ ಕಾಂಪೌಂಡಿಗೆ (ಪೇಂಟಿನ ಗೀರು ಉಜ್ಜಿ ತೆಗೆಯುವ ಪೇಸ್ಟಿಗೆ) ದುಡ್ಡು ಸುರಿಯುವ ಮೊದಲು ಒಂದು ಸಣ್ಣ ಕಂಪ್ರೆಸರ್ ತೆಗೆದುಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ. ನಮ್ಮ ಶೆಡ್ಡಿನಲ್ಲಿರುವುದು 24 ಲೀಟರ್ ಟ್ಯಾಂಕಿನ, ಆಯಿಲ್ ಹಾಕುವ ಅಗತ್ಯವಿಲ್ಲದ ಮಾದರಿ. ಪಾಲಿಶಿಂಗ್ ಮೆಷಿನಿಗೆ ಹಾಕುವ ಫೋಮ್, ಮೈಕ್ರೋಫೈಬರ್ ಪ್ಯಾಡುಗಳನ್ನು ಗಾಳಿ ಹೊಡೆದು ಶುಚಿ ಮಾಡಲಿಕ್ಕೆಂದೇ ಕೊಂಡದ್ದು. ಕೆಲವು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ, ಏಕೆಂದರೆ ಕಾಸರಗೋಡಿನಲ್ಲಿ ಕಂಪ್ರೆಸರಿನ ಗುಣ ಗೊತ್ತಾಗುವುದೇ ಜೂನ್ ನಂತರ.

ಮೊದಲು ಇಲ್ಲಿಗೆ ಬರುವ ಕಾರುಗಳ ವಿಷಯ. ಗಡಿಯ ತಲಪಾಡಿಯಿಂದ ಈ ಕಡೆಗೆ ರಾಷ್ಟ್ರೀಯ ಹೆದ್ದಾರಿ 66 ಅಗಲ ಮಾಡಿದ ವರ್ಷಗಳಲ್ಲಿ ಕೆಂಪು ಧೂಳು ಕೂರದ ಬಾನೆಟ್ ಇರಲಿಲ್ಲ. ಅದನ್ನು ಒಣಬಟ್ಟೆಯಲ್ಲಿ ಒರೆಸಿದ ಗೀರುಗಳು ಇವತ್ತಿಗೂ ಕಪ್ಪು ಕಾರುಗಳ ಮೇಲೆ ಕಾಣುತ್ತವೆ. ಬದಿಯಡ್ಕ, ಪೆರ್ಲ ಕಡೆಯ ಕಾರುಗಳದ್ದು ಬೇರೆಯೇ ಕಥೆ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವಾಗ ತೋಟದ ಬದಿಯಲ್ಲಿ ನಿಲ್ಲಿಸಿದ ಕಾರಿನ ಮೇಲೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಹನಿ ಬಿದ್ದು, ಸುಣ್ಣ ಗಟ್ಟಿ ಹಿಡಿದಿರುತ್ತದೆ. “ಈ ಚುಕ್ಕಿ ಹೋದೀತಾ ಮಾರಾಯ್ರೆ?” ಎಂದು ಕೇಳುತ್ತಾರೆ. ಸುಣ್ಣ ಹೋಗುತ್ತದೆ, ಆದರೆ ಅದರಡಿಯ ಕ್ಲಿಯರ್ ಕೋಟಿನಲ್ಲಿ (ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ) ಗುರುತು ಉಳಿದಿರುತ್ತದೆ. ಅದಕ್ಕೆ ಆ ಪದರವನ್ನು ತುಸು ಅರೆದು ತೆಗೆಯುವ ಕಟಿಂಗ್ ಪ್ಯಾಡೇ ಬೇಕು. ಕಟಿಂಗ್ ಹೆಚ್ಚಿದಷ್ಟೂ ಪ್ಯಾಡ್ ಬೇಗ ಕಟ್ಟಿಕೊಳ್ಳುತ್ತದೆ.

ಕಟ್ಟಿಕೊಳ್ಳುವುದು ಬರೀ ಕಾಂಪೌಂಡ್ ಅಲ್ಲ. ಅರೆದು ಬಂದ ಕ್ಲಿಯರ್ ಕೋಟಿನ ಪುಡಿ, ಕಾಂಪೌಂಡಿನಲ್ಲಿ ಉಜ್ಜುವ ಕೆಲಸ ಮಾಡಿ ಸವೆದ ಅಲ್ಯುಮಿನಿಯಂ ಆಕ್ಸೈಡ್ ಕಣ, ಕಾಂಪೌಂಡಿನ ಎಣ್ಣೆಯಂಶ ಎಲ್ಲ ಸೇರಿ ಫೋಮಿನ ತೂತುಗಳನ್ನು ಮುಚ್ಚುತ್ತವೆ. ಆಮೇಲೆ ಎಷ್ಟು ಹೊಸ ಕಾಂಪೌಂಡ್ ಹಾಕಿದರೂ ಅದು ಹಳೆಯ ಕೆಸರಿನ ಮೇಲೆಯೇ ಜಾರುತ್ತದೆ. ಪ್ಯಾಡ್ ಬಿಸಿಯಾಗುತ್ತದೆ, ಕಟ್ (ಅರೆಯುವ ಶಕ್ತಿ) ಇಳಿಯುತ್ತದೆ, ಒರೆಸಿದ ಮೇಲೆ ಮಬ್ಬು ಉಳಿಯುತ್ತದೆ. ಫೋಮ್ ಪ್ಯಾಡಿಗೆ ನೈಲಾನ್ ಬ್ರಶ್ಶಿನಿಂದಲೂ ತಕ್ಕಮಟ್ಟಿಗೆ ಕೆಲಸ ಸಾಗುತ್ತದೆ. ಮೈಕ್ರೋಫೈಬರ್ ಪ್ಯಾಡಿಗೆ ಮಾತ್ರ ಗಾಳಿಯೇ ಬೇಕು. ಒಂದು ಪ್ಯಾನೆಲ್ ಮುಗಿಯುವಷ್ಟರಲ್ಲಿ ಅದರ ಎಳೆಗಳು ಜಡೆಗಟ್ಟಿ ಮಲಗಿರುತ್ತವೆ. ಗಾಳಿ ಹೊಡೆದರೆ ಎದ್ದು ನಿಂತು ಮತ್ತೆ ಹೊಸದರಂತೆ ಕಟ್ ಕೊಡುತ್ತವೆ. ಈ ವ್ಯತ್ಯಾಸವೊಂದಕ್ಕೇ ಕೊಟ್ಟ ದುಡ್ಡು ಸಂದಿತೆಂದು ನನ್ನ ಅಭಿಪ್ರಾಯ.

ನಾವು ಹೊಡೆಯುವ ಕ್ರಮ ಹೀಗೆ. ಒಂದೊಂದು ಪ್ಯಾನೆಲ್ ಆದ ಕೂಡಲೇ, ಪ್ಯಾಡ್ ಇನ್ನೂ ಹಸಿಯಿರುವಾಗಲೇ, ಪಾಲಿಶಿಂಗ್ ಮೆಷಿನನ್ನು ಕಾರಿನಿಂದ ದೂರ ಶೆಡ್ಡಿನ ಹೊರಬಾಗಿಲಿಗೆ ಒಯ್ಯಬೇಕು. ಒಣಗಿದ ಕಾಂಪೌಂಡನ್ನು ಯಾವ ಗಾಳಿಯೂ ಎಬ್ಬಿಸುವುದಿಲ್ಲ. ಗಾಳಿಯ ಒತ್ತಡ ಹೊಂದಿಸುವ ರೆಗ್ಯುಲೇಟರ್ ಫೋಮಿಗೆ 60 ಪಿಎಸ್ಐ (ಒತ್ತಡದ ಅಳತೆ), ಮೈಕ್ರೋಫೈಬರಿಗೆ 80ರ ಆಸುಪಾಸು. ಗಾಳಿ ಬಿಡುವ ಗನ್ನಿನ ಮೂತಿ ಪ್ಯಾಡಿನಿಂದ ಅರ್ಧ ಗೇಣು ದೂರ, ಓರೆಯಾಗಿ, ನಡುವಿನಿಂದ ಅಂಚಿನ ಕಡೆಗೆ. ನೇರ ಹತ್ತಿರ ಹಿಡಿದರೆ ಫೋಮ್ ಕಿತ್ತು ಬರುತ್ತದೆ, ಅಂಚಿಗೆ ಹೊಡೆದರೆ ವೆಲ್ಕ್ರೋದ ಅಂಟು ಬಿಡುತ್ತದೆ. ಡಿಎ (ಡ್ಯುಯಲ್ ಆಕ್ಷನ್, ತಿರುಗುತ್ತಲೇ ಓಲಾಡುವ) ಮೆಷಿನಿನಲ್ಲಿ ಇನ್ನೊಂದು ಎಚ್ಚರ: ಮೆಷಿನ್ ಆಫ್ ಇದ್ದರೂ ಗಾಳಿಯ ರಭಸಕ್ಕೇ ಪ್ಯಾಡ್ ಗಿರ್ರನೆ ತಿರುಗತೊಡಗುತ್ತದೆ. ಸುಮ್ಮನೆ ಬಿಟ್ಟರೆ ಬೇರಿಂಗಿಗೆ ಪೆಟ್ಟು. ಪ್ಯಾಡ್ ಕೂರುವ ಬ್ಯಾಕಿಂಗ್ ಪ್ಲೇಟನ್ನು ಒಂದು ಬೆರಳಲ್ಲಿ ತಡೆದು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೊಡೆಯುವುದು ಒಳ್ಳೆಯದು. ಬಿಳಿ ಪುಡಿ ಹೊಗೆಯ ಹಾಗೆ ಏಳುತ್ತದೆ, ಆದ್ದರಿಂದ ಕನ್ನಡಕ, ಮಾಸ್ಕ್ ಇಲ್ಲದೆ ನಮ್ಮ ಹುಡುಗರ ಕೈಗೆ ಗನ್ ಕೊಡುವುದಿಲ್ಲ. ಮೈಮೇಲಿನ ಧೂಳಿಗೆ ಅದೇ ಗನ್ ಹಿಡಿಯುವುದಕ್ಕೂ ಬಿಡುವುದಿಲ್ಲ.

ಇನ್ನು ಮಳೆಗಾಲ. ಸಮುದ್ರದ ಬದಿಯ ಈ ತೇವದಲ್ಲಿ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬಿದರೆ ಗಾಳಿಯೊಳಗಿನ ನೀರೂ ಒಳಗೇ ಇಳಿಯುತ್ತದೆ. ಜುಲೈಯಲ್ಲಿ ಸಂಜೆ ಅಡಿಯ ಡ್ರೈನ್ ತಿರುಪು ಬಿಚ್ಚಿದರೆ ತುಕ್ಕು ಬಣ್ಣದ ನೀರು ಪಿಚಕಾರಿಯಂತೆ ಹಾರುತ್ತದೆ. ಬಿಚ್ಚದೆ ಬಿಟ್ಟರೆ ಆ ನೀರು ಗನ್ನಿನಲ್ಲಿ ಸಣ್ಣ ಹನಿಯಾಗಿ ಬಂದು ಪ್ಯಾಡನ್ನೇ ನೆನೆಸುತ್ತದೆ, ನೆನೆದ ಪ್ಯಾಡ್ ಕಾಂಪೌಂಡನ್ನು ಗೋಡೆಗೆಲ್ಲ ಎರಚುತ್ತದೆ. ಹಾಗಾಗಿ ಗಾಳಿಯಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಹಾಕಲೇಬೇಕು, ಅದೂ ಟ್ಯಾಂಕಿನ ಬುಡದಲ್ಲಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿಯಿರುತ್ತದೆ, ನೀರು ಆವಿಯಾಗಿಯೇ ಸೆಪರೇಟರನ್ನು ದಾಟಿಹೋಗುತ್ತದೆ. ಉದ್ದದ ಪೈಪ್ ಎಳೆದು ಗಾಳಿ ತಣಿದ ಮೇಲೆ, ಗನ್ನಿಗೆ ಹತ್ತಿರ ಹಾಕಿದರೆ ಬಟ್ಟಲಿನಲ್ಲಿ ನೀರು ನಿಲ್ಲುವುದು ಕಣ್ಣಿಗೇ ಕಾಣುತ್ತದೆ.

ಟಯರ್ ಅಂಗಡಿಯ ಬೆಲ್ಟ್ ಕಂಪ್ರೆಸರ್ ಸಾಲದೇ ಎಂದು ಹಲವರು ಕೇಳುತ್ತಾರೆ. ಗಾಳಿ ಧಾರಾಳ ಬರುತ್ತದೆ, ನಿಜ. ಆದರೆ ಸಿಲಿಂಡರಿನ ಆಯಿಲ್ ಮಂಜಿನಂತೆ ಗಾಳಿಯ ಜೊತೆ ಬಂದು ಪ್ಯಾಡಿಗೂ ಅಲ್ಲಿಂದ ಪೇಂಟಿಗೂ ಹತ್ತಿದರೆ, ಪಾಲಿಶ್ ಮೇಲೆ ಹಚ್ಚುವ ರಕ್ಷಣೆಯ ಲೇಪ ಸೆರಾಮಿಕ್ ಕೋಟಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಒಳ್ಳೆಯ ಆಯಿಲ್ ಫಿಲ್ಟರ್ ಇಲ್ಲದೆ ಅದನ್ನು ಈ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ನಮ್ಮ ಕಂಪ್ರೆಸರಿನ ಮೇಲೆ ದೂರುಗಳೂ ಇವೆ. ಜೊತೆಗೆ ಬಂದ ಸುರುಳಿ ಪೈಪಿನ ಕಪ್ಲರ್ (ಜೋಡಣೆಯ ತುಂಡು) ಬೇಗನೆ ಸೋರತೊಡಗಿತು, ಹಿತ್ತಾಳೆಯದು ಹಾಕಿದೆವು. ಸಂಜೆ ವೋಲ್ಟೇಜ್ ಇಳಿದಾಗ ಮೋಟಾರ್ ಗುಂಯ್ ಎನ್ನುತ್ತದೆ, ಎತ್ತಿಕೊಳ್ಳುವುದಿಲ್ಲ. ಎಡೆಬಿಡದೆ ಗಾಳಿ ಎಳೆದರೆ ಬಿಸಿಯಾಗಿ ತಾನೇ ನಿಲ್ಲುತ್ತದೆ, ಮತ್ತೆ ಶುರುವಾಗಲು ಕಾಯಬೇಕು. ಗಾಳಿ ಎಳೆಯುವ ಫಿಲ್ಟರ್ ಬೇಸಗೆಯಲ್ಲಿ ಕೆಂಪಾಗಿ ಹೋಗುತ್ತದೆ, ಆಗಾಗ ತೆಗೆದು ಕೊಡವಬೇಕು. ಕೊಂಡ ಅಂಗಡಿಯಲ್ಲಿ ಬಿಡಿಭಾಗ ಕೇಳಿದರೆ ಮಂಗಳೂರಿಗೆ ಹೋಗಿ ಎಂದರು. ಇದು ನನಗೆ ನಿಜಕ್ಕೂ ಬೇಸರ ತಂದ ವಿಷಯ. ಕೊಳ್ಳುವಾಗಲೇ ಪ್ರೆಶರ್ ಸ್ವಿಚ್ (ಒತ್ತಡ ನೋಡಿ ಮೋಟಾರ್ ನಿಲ್ಲಿಸುವುದು), ನಾನ್ ರಿಟರ್ನ್ ವಾಲ್ವ್ (ಟ್ಯಾಂಕಿನ ಗಾಳಿ ಹಿಂದೆ ಹೋಗದಂತೆ ತಡೆಯುವುದು) ಎಲ್ಲಿ ಸಿಗುತ್ತದೆಂದು ಕೇಳಿಕೊಳ್ಳಿ.

ಗಾಳಿ ಹೊಡೆದರೆ ಪ್ಯಾಡ್ ತೊಳೆಯುವ ಕೆಲಸ ತಪ್ಪುವುದಿಲ್ಲ. ಕಾರು ಮುಗಿದ ಮೇಲೆ ಉಗುರುಬೆಚ್ಚಗಿನ ನೀರು, ಪ್ಯಾಡ್ ಕ್ಲೀನರ್ ಹಾಕಿ ಹಿಸುಕಿ ತೊಳೆದು, ಫೋಮ್ ಮುಖ ಕೆಳಗೆ ಮಾಡಿ ನೆರಳಲ್ಲಿ ಒಣಗಿಸುತ್ತೇವೆ. ಮಳೆಗಾಲದಲ್ಲಿ ಆ ಒಣಗಿಸುವುದಕ್ಕೂ ಗನ್ ನೆರವಾಗುತ್ತದೆ: ಹಿಂಡಿದ ಮೇಲೆ ಮೆತ್ತಗೆ ಗಾಳಿ ಬಿಟ್ಟರೆ ಒಳಗಿನ ನೀರು ಹೊರಬರುತ್ತದೆ, ಪ್ಯಾಡಿಗೆ ಮುಗ್ಗಲು ವಾಸನೆ ಹಿಡಿಯುವುದಿಲ್ಲ.

ಮನೆಯ ಒಂದೇ ಕಾರನ್ನು ಅಪರೂಪಕ್ಕೆ ಪಾಲಿಶ್ ಮಾಡುವವರಿಗೆ ಇದು ಬೇಡ; ಒಂದು ಬ್ರಶ್, ನಾಲ್ಕಾರು ಫೋಮ್ ಪ್ಯಾಡ್ ಸಾಕು. ಮೈಕ್ರೋಫೈಬರ್ ಬಳಸುವವರು, ದಿನಾ ಕಾರು ಹಿಡಿಯುವವರು ಖಂಡಿತ ತೆಗೆದುಕೊಳ್ಳಿ. ಇಬ್ಬರು ಒಟ್ಟಿಗೆ ಪಾಲಿಶ್ ಮಾಡುವ ಶೆಡ್ಡಾದರೆ 24 ಲೀಟರ್ ಸಾಲದು, ನೇರ 50ಕ್ಕೇ ಹೋಗಿ.