ಮ್ಯಾನ್‌ಹೈಮ್ ಯೂನಿವರ್ಸಿಟಿ: ಅರಮನೆಯಲ್ಲಿ ಓದಿದವಳ ಅನುಭವ

ರ‍್ಯಾಂಕಿಂಗು, ಸಿಲಬಸ್ಸು ಎಲ್ಲ ನೀವು ಆಗಲೇ ನೋಡಿರುತ್ತೀರಿ. ಅದನ್ನು ಬಿಡೋಣ. ಮಾಸ್ಟರ್ಸ್ ಮುಗಿಯುವ ಹೊತ್ತಿಗೆ ನನಗೆ ಹೇಳಬೇಕು ಅನಿಸುತ್ತಿರುವುದು ಆ ಕಟ್ಟಡದ ಬಗ್ಗೆ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಯೂನಿವರ್ಸಿಟಿ ನಡೆಯುವುದು ಹಳೆಯ ಅರಮನೆಯಲ್ಲಿ. ಮುಂಭಾಗದ ಉದ್ದವೇ 400 ಮೀಟರಿಗಿಂತ ಜಾಸ್ತಿ.

ನಾನು ಮೈಸೂರಿನವಳು, ಅರಮನೆ ನನಗೆ ಹೊಸದಲ್ಲ. ಆದರೆ ಅಲ್ಲಿ ಟಿಕೆಟ್ ತಗೊಂಡು, ಚಪ್ಪಲಿ ಬಿಟ್ಟು, ನೋಡಿಕೊಂಡು ಬರುತ್ತೇವೆ. ಇಲ್ಲಿ ಮಳೆಯಲ್ಲಿ ನೆಂದ ಶೂನಲ್ಲೇ ಒಳಗೆ ಓಡುತ್ತೇವೆ. ಟ್ರಾಮ್ ಇಳಿದರೆ ಎರೆನ್‌ಹೋಫ್ ಅನ್ನುವ ದೊಡ್ಡ ಅಂಗಳ, ಮೂರು ಕಡೆ ಕೆಂಪು ಮರಳುಗಲ್ಲಿನ ಚೌಕಟ್ಟಿರುವ ಕಿಟಕಿಗಳ ಸಾಲು. ಬಿಸಿಲು ಬಂದರೆ ಸಾಕು, ಎಲ್ಲರೂ ಹೊರಗೆ. ನಾನೂ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆಗೆಯುತ್ತೇನೆ. ಚಿತ್ರಾನ್ನಕ್ಕೆ ನಿಂಬೆಹಣ್ಣು ಜಾಸ್ತಿ ಹಿಂಡಿಕೊಂಡು ಹೋಗುತ್ತೇನೆ, ತಣ್ಣಗಾದರೂ ರುಚಿ ಕೆಡುವುದಿಲ್ಲ. ಯಾರೂ ಎಬ್ಬಿಸಲು ಬರುವುದಿಲ್ಲ. ಆ ಜಾಗ ನಮ್ಮದೇ ಅನ್ನುವ ಹಾಗೆ ಇರುತ್ತೇವೆ. ಅದೇ ನನಗೆ ತುಂಬಾ ಇಷ್ಟವಾದದ್ದು.

ಒಳಗೆ ಚಿನ್ನದ ಕೆತ್ತನೆ, ದೀಪದ ಗೊಂಚಲು ಹುಡುಕಬೇಡಿ. 1720ರಲ್ಲಿ ಕೆಲಸ ಶುರುವಾಗಿ 1760ರಲ್ಲಿ ಮುಗಿದ ಅರಮನೆ ಇದು. ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಗಿ, ಇಲ್ಲಿ ಆಳುತ್ತಿದ್ದ ಅರಸನ ಹೆಂಡತಿ ಎಲಿಸಬೆತ್ ಆಗಸ್ಟಳ ಚಿಕ್ಕ ಪುಸ್ತಕದ ಕೋಣೆ ಒಂದು ಬಿಟ್ಟರೆ ಉಳಿದದ್ದು ಕಡಿಮೆ. ಆಮೇಲೆ ಮತ್ತೆ ಕಟ್ಟಿದರು. ಹಾಗಾಗಿ ಕ್ಲಾಸ್‌ರೂಮುಗಳು ಸಾದಾ ಸೀದಾ: ಬೆಂಚು, ಬೋರ್ಡು, ಪ್ರೊಜೆಕ್ಟರು. ರಾಜವೈಭವದ ಕೋಣೆಗಳನ್ನು ಟಿಕೆಟ್ ತಗೊಂಡು ಮ್ಯೂಸಿಯಂನಲ್ಲಿ ನೋಡಬಹುದು. ನನ್ನ ಕ್ಲಾಸಿನ ಕೆಲವರಿಗೆ ಇದರಿಂದ ಬೇಜಾರಾಯಿತು. ನನಗೆ ಒಂಚೂರೂ ಆಗಲಿಲ್ಲ. ಹೆದರಿಕೊಂಡು ಮುಟ್ಟಬೇಕಾದ ಗೋಡೆಯ ಪಕ್ಕ ಕೂತು ಓದೋದು ಹೇಗೆ?

ಇನ್ನು ದುಡ್ಡಿನ ಮಾತು. ಎಜುಕೇಶನ್ ಲೋನ್ ಮೇಲೆ ಬಂದವಳು ನಾನು, ಇಲ್ಲಿ ಸ್ವಲ್ಪ ಕಹಿಯಾಗಿಯೇ ಬರೆಯುತ್ತೇನೆ. ಜರ್ಮನಿ ಅಂದರೆ ಫೀಸಿಲ್ಲ ಅಂತ ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ, ಅಲ್ವಾ? ಆದರೆ ಮ್ಯಾನ್‌ಹೈಮ್ ಇರುವ ಈ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಫೀಸು. ನಾಲ್ಕು ಸೆಮಿಸ್ಟರಿಗೆ 6,000. ರೈನ್ ನದಿಯ ಸೇತುವೆ ದಾಟಿದರೆ ಲುಡ್ವಿಗ್ಸ್‌ಹಾಫೆನ್, ಬೇರೆ ರಾಜ್ಯ. ಅಲ್ಲಿ ಈ ಫೀಸು ಇಲ್ಲ. ತಿಂಗಳ ಕೊನೆಗೆ ಲೆಕ್ಕ ಬರೆಯುವಾಗ ಆ ಸೇತುವೆ ಬೇಡವೆಂದರೂ ನೆನಪಾಗುತ್ತದೆ. ಜೊತೆಗೆ ಬಾಡಿಗೆ. ಮೊದಲ ರೂಮಿನ ಮಾಲೀಕರು ನನ್ನ ಡೆಪಾಸಿಟ್ ವಾಪಸ್ ಕೊಡುವಷ್ಟರಲ್ಲಿ ಮುಂದಿನ ಚಳಿಗಾಲ ಬಂದಿತ್ತು. ಬರೆದುಕೊಟ್ಟ ಕಾಗದ ಇದ್ದದ್ದಕ್ಕೆ ಬಂತು. ನೀವೂ ಎಲ್ಲವನ್ನೂ ಕಾಗದದಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ಬೈದುಕೊಂಡು ಸಂಜೆ ಮತ್ತೆ ಅದೇ ಅಂಗಳ ದಾಟಿ ಲೈಬ್ರರಿಗೆ ಹೋದರೆ ಕೋಪ ಇಳಿಯುತ್ತದೆ. ಬ್ಯಾಗನ್ನು ಲಾಕರಿಗೆ ಹಾಕಿ, ಲ್ಯಾಪ್‌ಟಾಪು, ನೀರಿನ ಬಾಟಲು ಹಿಡಿದು ಕಿಟಕಿ ಪಕ್ಕದ ಸೀಟು ಹುಡುಕುವುದು ನನ್ನ ಅಭ್ಯಾಸ. ಹತ್ತಿರದ ಜೆಸ್ಯುಯಿಟ್ ಚರ್ಚಿನ ಗಂಟೆ ಕೇಳಿದರೆ ಎದ್ದು ಒಂದು ಸುತ್ತು ಹೊರಗೆ. ಊರಿನ ಹಳೇ ಭಾಗವೆಲ್ಲ ಚೌಕ ಚೌಕ, ಬೀದಿಗೆ ಹೆಸರಿಲ್ಲ. ವಿಳಾಸ ಅಂದರೆ ಬಿ 6, ಎಲ್ 9, ಅಷ್ಟೇ. ಈ ಅಕ್ಷರಗಳ ಎಣಿಕೆ ಅರಮನೆಯ ಕಡೆಯಿಂದಲೇ ಶುರು, ಒಂದು ಅರ್ಧದಲ್ಲಿ ‘ಎ’ಯಿಂದ, ಇನ್ನೊಂದು ಅರ್ಧದಲ್ಲಿ ‘ಎಲ್’ನಿಂದ. ದಾರಿ ತಪ್ಪಿದರೆ ‘ಎ’ ಅಥವಾ ‘ಎಲ್’ ಇರುವ ಕಡೆಗೆ ನಡೆದರಾಯಿತು, ಯೂನಿವರ್ಸಿಟಿ ಸಿಗುತ್ತದೆ.

ಇನ್ನೊಂದು ಲಾಭವನ್ನು ಯಾರೂ ಹೇಳುವುದಿಲ್ಲ. ಜರ್ಮನಿಯ ಬೇರೆ ಹೆಚ್ಚಿನ ಯೂನಿವರ್ಸಿಟಿಗಳಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಪಾಠ. ಇಲ್ಲಿ ಸೆಪ್ಟೆಂಬರಿಗೇ ಶುರುವಾಗಿ ಡಿಸೆಂಬರಿನಲ್ಲಿ ಪರೀಕ್ಷೆ ಬರುತ್ತದೆ, ಮುಂದಿನ ಸೆಮಿಸ್ಟರ್ ಫೆಬ್ರವರಿಗೆ. ಜನವರಿ ಪೂರ್ತಿ ಕೈಯಲ್ಲಿ. ದಸರಾ ತಪ್ಪುತ್ತದೆ, ಸಂಕ್ರಾಂತಿ ಸಿಗುತ್ತದೆ. ಆದರೆ ಇದಕ್ಕಾಗಿ ಒಂದು ತಿಂಗಳು ಮುಂಚೆ ಬಂದು ಸೇರಬೇಕು. ಸೀಟು ಖಾತ್ರಿಯಾದ ದಿನವೇ ವೀಸಾ ಅಪಾಯಿಂಟ್‌ಮೆಂಟಿಗೆ ಕೂತುಕೊಳ್ಳಿ, ರೂಮನ್ನು ಆಗಸ್ಟ್‌ಗೂ ಮೊದಲೇ ಹುಡುಕಿ.