ಹೊಸ ಜಿಗ್ ಕಟ್ಟುವುದು ಹೇಗೆ: ಕಮಾನು, ಕಾರ್ಡ್, ಗುನುಗು

ಜಿಗ್ ಎಂದರೆ ಕುಣಿತದ ಟ್ಯೂನ್. ಐರಿಷ್ ಫಿಡಲಿನ (ಅಂದರೆ ಪಿಟೀಲಿನ) ಜಿಗ್‌ಗೆ ಅಚ್ಚು ಮೊದಲೇ ಸಿದ್ಧ: 6/8 ತಾಳ, ಎಂಟೆಂಟು ಬಾರ್‌ಗಳ ಎರಡು ಭಾಗ, ಪ್ರತಿಯೊಂದೂ ಎರಡು ಸಲ, ಒಟ್ಟು 32 ಬಾರ್ (ಬಾರ್ ಎಂದರೆ ಆರು ಎಣಿಕೆಯ ಒಂದು ಆವರ್ತ). ನಡೆ ನಮಗೇನೂ ಹೊಸದಲ್ಲ, ತಕಿಟ ತಕಿಟ. ಸ್ವರ ಎಲ್ಲಿಂದ ತರಬೇಕು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ಡಿ ಮೇಜರ್‌ನಲ್ಲಿ (ಶಂಕರಾಭರಣದ ಸ್ವರಗಳೇ) ಕಮಾನು ಹಿಡಿದು ಹುಡುಕುವುದು, ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೊದಲು ಇಟ್ಟುಕೊಳ್ಳುವುದು, ಗುನುಗುವುದು, ಈ ಮೂರನ್ನೂ ಪ್ರಯತ್ನಿಸಿ ನೋಡಿದ ಮೇಲಿನ ಮಾತಿದು. ನಿಮ್ಮ ಪಿಟೀಲು ಸ-ಪ-ಸ-ಪ ಶ್ರುತಿಯಲ್ಲಿದ್ದರೆ ಮೊದಲು ಜಿ-ಡಿ-ಎ-ಇಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಬೆರಳಿನ ಲೆಕ್ಕ ತಪ್ಪುತ್ತದೆ.

ಕಮಾನು ಹಿಡಿದೇ ಹುಡುಕಿದರೆ ಬೇಗ ಏನಾದರೂ ಸಿಗುತ್ತದೆ, ಕೈಗೆ ಒಗ್ಗದ ಜಿಗಿತವೂ ನುಸುಳುವುದಿಲ್ಲ. ಆದರೆ ಬೆರಳು ಕಲಿತ ಜಾಡಲ್ಲೇ ಓಡುತ್ತದೆ. ಎಂಟನೇ ಬಾರ್ ಹೊತ್ತಿಗೆ ಯಾವುದೋ ಹಳೆಯ ಜಿಗ್ ಇಣುಕುತ್ತದೆ. ಡಿ ಬದಲು ಎಫ್ ಶಾರ್ಪ್‌ನಿಂದ ಶುರುಮಾಡಿ, ಮೊದಲ ಎರಡು ಬಾರ್‌ಗಳಲ್ಲಿ ಬೆರಳಿಡದ ತಂತಿಯನ್ನು ನುಡಿಸದಿದ್ದರೆ ಈ ಕಾಟ ಕಡಿಮೆ.

ಕಾರ್ಡ್‌ಗಳನ್ನು ಮೊದಲು ಇಟ್ಟುಕೊಳ್ಳುವುದು (ಡಿ, ಡಿ, ಜಿ, ಎ, ಡಿ, ಜಿ, ಎ, ಡಿ) ಗಿಟಾರಿನವರಿಗೆ ಇಷ್ಟ. ನನಗೆ ಅಷ್ಟಕ್ಕಷ್ಟೇ. ಪ್ರತಿ ಬಾರಿನ ಮೊದಲ ಪೆಟ್ಟೂ ಕಾರ್ಡಿನ ಸ್ವರಕ್ಕೇ ಬಿದ್ದು ಟ್ಯೂನ್ ಬೆರಳಿನ ಕಸರತ್ತಿನಂತೆ ಕೇಳುತ್ತದೆ. ಎರಡನೇ ಭಾಗ ಹೊಳೆಯದಿದ್ದಾಗ ಮಾತ್ರ ಉಪಯೋಗವಿದೆ: ಬಿ ಮೈನರ್ ಅಥವಾ ಜಿ ಕಾರ್ಡಿನಿಂದ ಆರಂಭಿಸಿದರೆ ಬೇರೆ ಬಣ್ಣ ಬರುತ್ತದೆ.

ಗುನುಗಿ ಫೋನಿನಲ್ಲಿ ರೆಕಾರ್ಡ್ ಮಾಡುವುದೇ ಮೇಲು, ಕೆಲಸ ಹೆಚ್ಚಾದರೂ. ಉಸಿರೇ ಎರಡೆರಡು ಬಾರ್‌ಗಳ ಸಾಲು ಮಾಡಿಕೊಡುತ್ತದೆ: ಪ್ರಶ್ನೆ, ಉತ್ತರ, ಮತ್ತೆ ಅದೇ ಪ್ರಶ್ನೆ, ಮುಕ್ತಾಯ. ಒಂದು ಮತ್ತು ನಾಲ್ಕನೇ ಎಣಿಕೆಗೆ ಕಾಲು ತಟ್ಟುತ್ತಲೇ ಗುನುಗಿ. ಇಲ್ಲವಾದರೆ ಬಾರ್ ಎಲ್ಲಿ ಶುರುವಾಯಿತೆಂದು ಆಮೇಲೆ ತಿಳಿಯದು. ಗಂಟಲು ಇ ಫ್ಲಾಟ್ ಹಿಡಿದಿದ್ದರೆ ಡಿಗೆ ಇಳಿಸಿ. ದೊಡ್ಡ ತೊಡಕೆಂದರೆ, ದನಿ ಉದ್ದ ಸ್ವರಗಳಲ್ಲಿ ನಿಂತುಬಿಡುತ್ತದೆ. ಜಿಗ್‌ಗೆ ಬಾರಿಗೆ ಆರು ಸ್ವರದ ಓಟ ಬೇಕು. ಡಿ ಮತ್ತು ಎಫ್ ಶಾರ್ಪ್ ನಡುವೆ ಇ ಸೇರಿಸಿ; ಉದ್ದನೆಯ ಎ ಇದ್ದರೆ ಎ-ಬಿ-ಎ ಮಾಡಿ. ಹಾಗಂತ ಎಲ್ಲ ಕಡೆ ತುಂಬಬೇಡಿ. ನಾಲ್ಕನೇ, ಎಂಟನೇ ಬಾರ್‌ಗಳ ಕೊನೆಯಲ್ಲಿ ಒಂದೊಂದು ಉದ್ದ ಸ್ವರ ಉಳಿದರೆ ಕೇಳುವವರಿಗೂ ಕುಣಿಯುವವರಿಗೂ ಸಾಲು ಮುಗಿದದ್ದು ಗೊತ್ತಾಗುತ್ತದೆ. ದನಿ ಮೇಲೇರದೆ ಎರಡನೇ ಭಾಗವೂ ಮೊದಲಿನ ಎತ್ತರದಲ್ಲೇ ಉಳಿದಿದ್ದರೆ ಅದನ್ನು ಇ ತಂತಿಗೆ ಒಯ್ಯಿರಿ. ಕೈ ಸರಿಸದೆಯೇ ಕಿರುಬೆರಳಿಗೆ ಮೇಲಿನ ಬಿವರೆಗೂ ಸಿಗುತ್ತದೆ.

ಯಾವ ದಾರಿ ಹಿಡಿದರೂ ಮೂರು ಸುತ್ತು ನಿಲ್ಲಿಸದೆ ನುಡಿಸಿ ನೋಡಿ. ಎರಡನೇ ಭಾಗ ಡಿಯಲ್ಲಿ ಮುಗಿದು ಮೊದಲನೆಯದೂ ಡಿಯಲ್ಲೇ ಶುರುವಾದರೆ ಅಲ್ಲಿ ಓಟ ಮುಗ್ಗರಿಸುತ್ತದೆ. ಕೊನೆಯ ಎಣಿಕೆಗೆ ಒಂದು ಎ ಸೇರಿಸಿದರೆ ಸಾಕು.