ವೀಡಿಯೊ ಥೆರಪಿ: ಸುಮ್ಮನಿರೋದೇ ಕಷ್ಟ

ಒಬ್ಬರೇ ಥೆರಪಿಸ್ಟ್ ಹತ್ತಿರ ಮೊದಲು ಎದುರು ಕೂತು, ಆಮೇಲೆ ಬಹಳ ಕಾಲ ವೀಡಿಯೊದಲ್ಲಿ ಮಾತಾಡಿದ್ದೇನೆ. ಆ್ಯಪ್, ಬುಕಿಂಗ್ ವಿಷಯ ಎಲ್ಲರಿಗೂ ಗೊತ್ತೇ ಇದೆ. ನನ್ನ ದೂರು ಇರುವುದು ಮೌನದ ಬಗ್ಗೆ.

ಕೋಣೆಯಲ್ಲಿ ನಾನು ಮಾತು ನಿಲ್ಲಿಸಿದರೆ ಅವರೂ ಸುಮ್ಮನಾಗುತ್ತಿದ್ದರು. ಪೆನ್ನು ಕೆಳಗಿಟ್ಟು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅಸಲಿ ಮಾತು ಬಾಯಿಗೆ ಬರುತ್ತಿದ್ದದ್ದು ಆಗಲೇ. ವೀಡಿಯೊದಲ್ಲಿ ಮಾತು ನಿಂತರೆ ಇಬ್ಬರಿಗೂ ಮೊದಲು ಬರುವ ಅನುಮಾನ, ನೆಟ್ ಹೋಯ್ತಾ? ಒಮ್ಮೆ ಅಪ್ಪನ ವಿಷಯ ಹೇಳುತ್ತಾ ಗಂಟಲು ಕಟ್ಟಿತು. "ನಿಮಗೆ ಕೇಳಿಸ್ತಾ ಇದೆಯಾ?" ಅಂದರು. "ಕೇಳಿಸ್ತಿದೆ ಮೇಡಂ" ಅನ್ನುವಷ್ಟರಲ್ಲಿ ಬಂದಿದ್ದ ಅಳು ಒಳಗೇ ಹೋಯಿತು.

ಕಣ್ಣಿನದೂ ಇದೇ ಕಥೆ. ಕ್ಯಾಮೆರಾ ಪರದೆಯ ಮೇಲಂಚಿನಲ್ಲಿ, ಅವರ ಮುಖ ಕೆಳಗೆ. ನಾನು ಅವರ ಕಣ್ಣು ನೋಡಿದರೆ ಅವರಿಗೆ ನಾನು ನೋಟ ತಗ್ಗಿಸಿದ ಹಾಗೆ ಕಾಣುತ್ತದೆ. ಮೂಲೆಯಲ್ಲಿ ನನ್ನದೇ ಮುಖ ಬೇರೆ. ಅಳುವಾಗ ಅದನ್ನು ನೋಡೋದು ಯಾರಿಗೆ ಬೇಕು?

ಸೆಟ್ಟಿಂಗ್‌ನಲ್ಲಿ ನನ್ನ ಮುಖ ಮರೆಮಾಡಿದ ಮೇಲೆ ಎಷ್ಟೋ ಹಗುರಾಯಿತು. ಈಗ ಸೆಷನ್‌ಗೆ ಮುಂಚೆ ಬಾಗಿಲ ಚಿಲಕ ಹಾಕುತ್ತೇನೆ, ಗೋಡೆಗೆ ಒರಗಿ ಕಾಲು ಮಡಚಿ ಕೂರುತ್ತೇನೆ, ಮಡಿಲಲ್ಲಿ ದಿಂಬು. ಇಯರ್‌ಫೋನ್‌ನಲ್ಲಿ ಅವರ ದನಿ ಕಿವಿಗೆ ತೀರಾ ಹತ್ತಿರ. ಎದುರು ಕೂತು ಹೇಳಲಾಗದ ನಾಚಿಕೆಯ ವಿಷಯಗಳು ಹೀಗೆ ಕೂತಾಗಲೇ ಹೊರಬಂದವು. ಪರದೆ ನಡುವೆ ಇದ್ದರೆ ಜನ ಜಾಸ್ತಿ ಮನಸ್ಸು ಬಿಚ್ಚುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದರು. ಮನೋವಿಶ್ಲೇಷಣೆ ಅನ್ನುವ ಮಾತಿನ ಚಿಕಿತ್ಸೆ ಶುರುಮಾಡಿದ ಫ್ರಾಯ್ಡ್ ಕೂಡ ರೋಗಿಯನ್ನು ಮಲಗಿಸಿ, ಕಣ್ಣಿಗೆ ಬೀಳದ ಹಾಗೆ ತಲೆಯ ಹಿಂದೆ ಕೂರುತ್ತಿದ್ದರಲ್ವಾ! ಖಿನ್ನತೆ, ಆತಂಕಕ್ಕೆ ವೀಡಿಯೊ ಥೆರಪಿಯೂ ಹೆಚ್ಚುಕಡಿಮೆ ಎದುರು ಕೂತು ಮಾಡಿದಷ್ಟೇ ಕೆಲಸ ಮಾಡುತ್ತದೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ನನ್ನ ಮಟ್ಟಿಗೂ ಅದು ನಿಜ.

ಮೌನದ ತೊಂದರೆಯನ್ನು ಮೇಡಂಗೇ ನೇರವಾಗಿ ಹೇಳಿದೆ. ಈಗ ನಾನು ಸುಮ್ಮನಾದರೆ ಅವರು ಏನೂ ಕೇಳುವುದಿಲ್ಲ, ಮೆಲ್ಲಗೆ ತಲೆಯಾಡಿಸುತ್ತಾರೆ. ನೆಟ್ ಇದೆ, ಅವರೂ ಇದ್ದಾರೆ ಅಂತ ಗೊತ್ತಾಗುತ್ತದೆ. ಕೋಣೆಯ ಮೌನಕ್ಕೆ ಇದು ಪೂರ್ತಿ ಸಮ ಅಲ್ಲ, ಆದರೆ ಅಳು ವಾಪಸ್ ಹೋಗುವುದಿಲ್ಲ.

ಪ್ರತಿ ಸಲ ರಜೆ ಹಾಕಿ, ಓಡಾಟಕ್ಕೆ ಖರ್ಚು ಮಾಡಿ ಹೋಗುವುದು ನನ್ನ ಕೈಲಾಗದು. ಹಾಗಾಗಿ ಮಾಮೂಲಿ ಸೆಷನ್‌ಗಳಿಗೆ ವೀಡಿಯೊನೇ ಇಟ್ಟುಕೊಂಡಿದ್ದೇನೆ. ಹೊಸದಾಗಿ ಶುರುಮಾಡುವವರು ಮೊದಲ ಕೆಲವು ಸೆಷನ್ ಆದರೂ ಎದುರು ಕೂತು ಮಾಡಿ. ಮನೆಯಲ್ಲಿ ಬಾಗಿಲು ಹಾಕಿಕೊಳ್ಳುವ ಕೋಣೆಯೇ ಇಲ್ಲ ಅಂದರೆ ವೀಡಿಯೊ ಬೇಡವೇ ಬೇಡ.